ಕಂಪ್ಯೂಟರ್ ಸೀರಿಗೆ ಉಟಗಿಯ ಗಾದಿ

ಅರಬಿ ಅಂಗಡಿ, ಅಂದ್ರ ಬಟ್ಟಿ ಅಂಗಡಿ ಇಟ್ಟಾಂವ ನಗಾಕ ಬ್ಯಾರೆ ಕಡೆ ಹೋಗೂದು ಬ್ಯಾಡ ನೋಡ್ರಿ. ನಗಿ ಅನ್ನೂದು ತಾನೇ ಬಾಗಲಾಗ ಚಪ್ಪಲಿ ಕಳದು, ಒಳಗ ಬಂದು, ಗಾದಿ ಮ್ಯಾಲ ಕುಂತು, "ಚಾ ತರಸ್ರಿ" ಅಂತೈತಿ. ಇಷ್ಟು ವರ್ಷದಾಗ ನನಗ ನಗಿಗೆ ಬರಾ ಬಿದ್ದಿಲ್ಲ. ಗಿರಾಕಿಗೆ ಬಿದ್ದೈತಿ, ಆ ಮಾತು ಬ್ಯಾರೆ.

ಸಾಂಗಲಿ ಜಿಲ್ಲಾ, ಜತ್ತ ತಾಲೂಕಿನ ನಮ್ಮ ಉಟಗ್ಯಾಗ ಎಸ್.ಟಿ. ಬಸ್ ನಿಲ್ಲೂ ಜಾಗಾದ ಎದುರಿಗೇ ನಮ್ಮ ಅಂಗಡಿ. ನಮ್ಮ ಅಬ್ಬಾ ಹಾಕಿದ್ದು. ಅಂಗಡಿ ಅಂದ್ರ ಏನು, ಮೂರು ಗ್ವಾಡಿಗೆ ಅರಬಿ ಇಡೂ ಫಳಿ, ನಡುವ ಒಂದು ಬಿಳೇ ಗಾದಿ. ಗಿರಾಕಿ ಬಂದು ಆ ಗಾದಿ ಮ್ಯಾಲ ಕುಂದ್ರತಾರ, ನೀರು ಕುಡೀತಾರ, ಚಾ ಕುಡೀತಾರ, ಫಳಿಯಾಗಿನ ಸೀರಿ ಎಲ್ಲಾ ಕೆಳಗ ಇಳಸ್ತಾರ, ಸೊಸೀನ್ನ ಬೈತಾರ, ಕಡೀಕ ಒಂದು ಜಂಪರ್ ಪೀಸ್ ತಗೊಂಡು ಎದ್ದು ಹೋಗ್ತಾರ.

ಆದ್ರ ಅಂಗಡಿ ಬದುಕೂದು ಜಂಪರ್ ಪೀಸಿನ ಮ್ಯಾಲ ಅಲ್ರಿ, ಬಸ್ತಾದ ಮ್ಯಾಲ. ನಮ್ಮ ಕಡೆ ಲಗ್ನ ಕೂಡಿತಂದ್ರ ಹೆಣ್ಣಿನವರು, ಗಂಡಿನವರು ಜೀಪ್ ತುಂಬಿಕೊಂಡು ಒಂದೇ ಅಂಗಡಿಗೆ ಬರ್ತಾರ. ಎದುರಾಬದುರಾ ಕುಂತು ಲಗ್ನದ ಅರಬಿ ಎಲ್ಲಾ ಆರಸ್ತಾರ. ಅದಕ್ಕ ಬಸ್ತಾ ಅಂತೀವಿ. ಹೆಣ್ಣಿನ ಸೀರಿ ಖರ್ಚು ಗಂಡಿನವರದು, ಗಂಡಿನ ಅರಬಿ ಖರ್ಚು ಹೆಣ್ಣಿನವರದು, ಜಗಳಾ ಮಾತ್ರ ಇಬ್ಬರದೂ.

ಬರಬರತಾ ಮಂದಿ ಟಪಾಲಿನ್ಯಾಗ ಸೀರಿ ತರಸಾಕ ಹತ್ತಿದ್ರು, ಟೀವಿ ನೋಡಿ ತರಸಾಕ ಹತ್ತಿದ್ರು, ಸಾಂಗಲಿ ದೊಡ್ಡ ಅಂಗಡಿಗೆ ಓಡಾಕ ಹತ್ತಿದ್ರು, ಕಡೀಕ ಕಂಪ್ಯೂಟರದಾಗ ತರಸೂ ಕಾಲಾನೂ ಬಂತು. ಒಂದು ಲಗ್ನಸರಾಯಿ, ಅಂದ್ರ ಲಗ್ನದ ಹಂಗಾಮು, ಪೂರಾ ಹೋತು, ಒಂದೂ ಬಸ್ತಾ ಬರಲಿಲ್ಲ. ನಮ್ಮಾಕಿ ಖಡಾಖಂಡಿತ ಹೇಳಿದ್ಲು: "ಬಸ್ ಹುವಾ ಜೀ, ಸಾಕಾತು. ಮುಂದಿನ ಸರಾಯಿಯಾಗೂ ಬಸ್ತಾ ಬರಲಿಲ್ಲಂದ್ರ ಅಂಗಡಿ ಬಾಡಿಗಿಗೆ ಕೊಟ್ಟುಬಿಡೂಣು." ಮೊಬೈಲ್ ರಿಚಾರ್ಜ್ ಮಾಡಾಂವ ಒಬ್ಬ ಟೇಪ್ ತಗೊಂಡು ಬಂದು ಅಂಗಡಿ ಅಳದೂ ಹೋದ. ಊರ ಮಂದಿಗೆ ಅರಬಿ ಅಳದು ಕೊಟ್ಟ ನನ್ನ ಅಂಗಡೀನೇ ಅಳದುಬಿಟ್ಟ! ಅದು ಹೆಂಗ ಮುಗೀತು ಅನ್ನೂದು ಕಡೀಕ ಹೇಳ್ತೀನಿ. ಮೊದಲ ಈ ಪೀಡಾ ಹೆಂಗ ಸುರು ಆತು ಕೇಳ್ರಿ.

ಸರಕಾರದ ಸೀರಿ

ತೊಂಬತ್ತರ ದಶಕದ ಮಾತು. ಪೇಪರಿನ್ಯಾಗ ಜಾಹೀರಾತು ಬರತಿತ್ತು: ಒಂದು ಕಾರ್ಡ್ ಬರೀರಿ ಸಾಕು, ಸೀರಿ ನಿಮ್ಮ ಬಾಗಲಿಗೆ ಬರತೈತಿ, ಟಪಾಲಿನಾಂವಗ ರೊಕ್ಕಾ ಕೊಟ್ಟು ಬಿಡಸಿಕೊಳ್ರಿ.

ಕುರಿ ಸಾಕೂ ಮನಿತನದ ಒಬ್ಬಾಕಿ ಮುದುಕಿ ನಮ್ಮ ಖಾಯಂ ಗಿರಾಕಿ. ಆಕಿ ಸೊಸಿ ಯಾರಿಗೂ ಹೇಳದ ಕಾರ್ಡ್ ಬರದು ತವರಮನಿಗೆ ಹೋಗಿದ್ಲು. ಸೀರಿ ಬಂತು. ಟಪಾಲಿನಾಂವ ಮುದುಕೀನ್ನ ಹುಡಕ್ಯಾಡಿಕೋತ ನಮ್ಮ ಅಂಗಡಿಗೇ ಬಂದ. ಮುದುಕಿ ಗಾದಿ ಮ್ಯಾಲ ಕುಂತು ಒಂದು ಸೀರಿ ಸೆರಗಿನ ಎಳಿ ಕಿತ್ತು ಬಾಯಾಗ ಹಾಕ್ಕೊಂಡು ಅಗೀತಿದ್ಲು. ಬಣ್ಣಾ ಬಿಡತೈತೇನು ಅಂತ ನೋಡೂದು ಆಕಿ ಪದ್ಧತಿ. ನನ್ನ ಬಿಳೇ ಗಾದಿ ಮ್ಯಾಲಿನ ಅರ್ಧಾ ಕಲಿ ಆಕಿ ಅಗದು ಉಗಳಿದ್ವೇ.

"ಆಯಿ, ನಿನ್ನ ಸೊಸಿ ಹೆಸರಿಲೆ ಸೀರಿ ಬಂದೈತಿ. ರೊಕ್ಕಾ ಕೊಟ್ಟು ಬಿಡಸಿಕೋ" ಅಂದ ಟಪಾಲಿನಾಂವ.

"ಬಿಚ್ಚು, ಅಗದು ನೋಡ್ತೀನಿ."

"ರೊಕ್ಕಾ ಕೊಟ್ಟ ಮ್ಯಾಲ ಬಿಚ್ಚೂದು."

"ಯಪ್ಪಾ, ನಾ ಬದನಿಕಾಯಿ ಸೈತ ಒತ್ತಿ ನೋಡಿ ತಗೊಳ್ಳಾಕಿ. ಸೀರಿ ನೋಡಲಾರದ ತಗೋಬೇಕಾ? ಹೋಗಲಿ, ಎಷ್ಟು ಬಿಡತಿ ಹೇಳು."

"ಬಿಡಾಕ ನಾ ಏನು ಅಂಗಡಿಯವನೇನು? ಸರಕಾರದಾಂವ ನಾ!"

"ಈ ನಮ್ಮ ಅಂಗಡಿಯಾಂವನೂ ಮೊದಲ ಹಂಗ ಅಂತಾನ. ಆಮ್ಯಾಲ ಬಿಡತಾನ" ಅಂತ ಮುದುಕಿ ನನ್ನ ಕಡೆ ಬೊಟ್ಟು ಮಾಡಿದ್ಲು. ಟಪಾಲಿನಾಂವ ಕಾಯ್ದೆ ಹೇಳಿದ, ಮುದುಕಿ ಅರ್ಧಾ ರೇಟು ಹೇಳಿದ್ಲು. ಅಂವ ದೇವರ ಆಣಿ ಮಾಡಿದ, ಈಕಿ ಮತ್ತೊಂದು ಸ್ವಲ್ಪ ಏರಿಸಿದ್ಲು. ಕಡೀಕ, "ಬ್ಯಾಡ ಬಿಡು ನಿನ್ನ ಸೀರಿ!" ಅಂತ ಸಿಟ್ಟಿಗೆದ್ದು, ಮೆಟ್ಟಿಲಾ ಇಳದು, ಅಂಗಡಿ ಮುಂದಿನ ಬೇವಿನ ಗಿಡದ ತನಕಾ ಹೋಗಿ, ಈ ಕಡೆ ಬೆನ್ನು ಮಾಡಿ ನಿಂತ್ಲು.

ನಮ್ಮ ವ್ಯಾಪಾರ ಗೊತ್ತಿದ್ದವರಿಗೆ ಇದರ ಅರ್ಥಾ ಗೊತ್ತೈತಿ. ಗಿರಾಕಿ ಎದ್ದು ಹೋತಂದ್ರ ವ್ಯಾಪಾರ ಮುರೀತಂತ ಅಲ್ಲ. ಗಿಡದ ತನಕಾ ಹೋಗೂದು, ಅಂಗಡಿಯಾಂವ "ಬಾಯವ್ವಾ ಬಾ, ನಿಂದೇ ಮಾತು" ಅಂತ ಕರಿಯೂದು, ತಿರುಗಿ ಬರೂದು. ಮುದುಕಿ ಹಂಗೇ ನಿಂತು ಕಾದ್ಲು. ಟಪಾಲಿನಾಂವ ಗಂಟು ಚೀಲದಾಗ ಹಾಕ್ಕೊಂಡು ಸೈಕಲ್ ಹತ್ತಿ ಹೋಗೇ ಬಿಟ್ಟ.

ಪಾಪ ಅನಿಸಿ ನಾನೇ ಹೋಗಿ ಹೇಳಿದ್ನಿ: "ಆಯಿ, ಅಂವ ಹೋದ."

ಮುದುಕಿ ತಿರುಗಿ ನೋಡಿದ್ಲು. ನಂಬಿಕೀನೇ ಬರಲಿಲ್ಲ ಆಕೀಗೆ. "ಕರೀಲೇ ಇಲ್ಲೇನು?"

"ಇಲ್ಲ."

"ಹಂಗಾರ ಈ ಸರಕಾರ ಭಾಳ ದಿನಾ ನಡ್ಯಂಗಿಲ್ಲ ತಗೋ" ಅಂದ್ಲು. "ಗಿರಾಕಿ ಎದ್ದು ಹೊಂಟ್ರ ತಿರುಗಿ ಕರ್ಯಾಕ ಬರೂದಿಲ್ಲ ಅದಕ್ಕ!"

ಪಟ್ಟಾದಾಗ ಬಂದ ದೇವರು

ನಮ್ಮ ಮಗ್ಗಲಾಗ ಭಾಂಡೆ ಅಂಗಡಿ. ಕೊಡ, ತಾಟು, ಪರಾತ ಮಾರೂ ಸಾವಕಾರ್ರು ಹಣಿ ತುಂಬ ಇಬತ್ತಿ ಹಚ್ಚಿಕೊಂಡು, ಹೊಟ್ಟಿ ಮುಂದ ಬಿಟ್ಕೊಂಡು ಕುಂದ್ರತಿದ್ರು. ಟೀವಿಯಾಗ ಸಾಮಾನು ಮಾರೂದು ಸುರು ಆದಾಗ ಎಲ್ಲಾರಕಿಂತ ಹೆಚ್ಚು ಬೈದವರು ಅವರೇ. "ಟೀವಿ ನೋಡಿ ಕೊಳ್ಳಾಂವ ಶತಮೂರ್ಖ" ಅಂತಿದ್ರು.

ಒಂದು ದಿನಾ ಮಧ್ಯಾಹ್ನ ಅವರ ಅಂಗಡಿಯಿಂದ ಚೀರೂ ಸಪ್ಪಳಾ ಕೇಳಿ ಓಡಿದ್ನಿ. ಸಾವಕಾರ್ರು ಕುಂತಲ್ಲೇ ಗಡಗಡ ನಡಗಾಕ ಹತ್ತಿದ್ರು. ಹೊಟ್ಟಿ ಕುಣೀತೈತಿ, ಗಲ್ಲಾ ಕುಣೀತಾವ, ಕಣ್ಣು ಮ್ಯಾಲ ಹೋಗ್ಯಾವ, ಹಿಂದಿನ ಫಳಿ ಮ್ಯಾಲಿನ ತಾಟು ಒಂದೊಂದೇ ಉದರಾಕ ಹತ್ಯಾವ. ಹಳೇ ಹಂಡೇಕ ಕಲಾಯಿ ಮಾಡಸಾಕ ಬಂದಿದ್ದ ಕುಣಿಕೋಣೂರಿನ ರೈತ ಒಬ್ಬ ಹಂಡೆ ಅಲ್ಲೇ ಒಗದು ಅಡ್ಡಬಿದ್ದ. "ಮೈಯಾಗ ದೇವರು ಬಂದಾರೋ!"

ಪ್ಯಾಟಿ ಮಂದಿ ಕೂಡಿದ್ರು. ಯಾರೋ ದೇವರ ಭಂಡಾರಾ ಅಂತ ಅರಿಷಿಣ ಪುಡಿ ತಂದು ತಲಿ ಮ್ಯಾಲ ಸುರುವಿದ್ರು. ಸಾವಕಾರ್ರಿಗೆ ಮೂಗಿನ್ಯಾಗ ಹೋಗಿ ಸೀನು ಬಂದ್ವು. "ಹುಂಕಾರಾ! ಹುಂಕಾರಾ!" ಅಂತ ಮಂದಿ ಇನ್ನಷ್ಟು ಕೈ ಮುಗುದ್ರು. ಕುಣಿಕೋಣೂರಿನಾಂವ ಕೇಳೇ ಬಿಟ್ಟ: "ದೇವರೂ, ನನ್ನ ಆಡು ಕಳದೈತಿ. ಎಲ್ಲಿ ಐತಿ ಹೇಳ್ರಿ!"

ಸಾವಕಾರ್ರು ಬಾಯಿ ಬಿಡಲಾರದ ಒಂದೇ ಸವನ ಮೂಡಣ ಗ್ವಾಡಿ ಕಡೆ ಕೈ ತೋರಸಾಕ ಹತ್ತಿದ್ರು. ರೈತ ಆ ದಿಕ್ಕಿಗೆ ಕಿತ್ತು ಓಡಿದ. ನಾ ಆ ಕಡೆ ನೋಡಿದ್ನಿ. ಸಾವಕಾರ್ರ ಧೋತರದೊಳಗಿಂದ ಒಂದು ಕರೀ ವೈರ್ ಹೊಂಟು ಮೂಡಣ ಗ್ವಾಡಿಯ ಸ್ವಿಚ್ಚಿನ ತನಕಾ ಹೋಗಿತ್ತು. ಹೋಗಿ ಕಿತ್ತಿದ್ನಿ. ದೇವರು ಇಳೀತು.

ಮಂದಿ ಕಳಿಸಿ ಕದಾ ಮುಂದ ಮಾಡಿ ಕೇಳಿದ್ನಿ. ಟೀವಿಯಾಗಿನ ಹೊಟ್ಟಿ ಕರಗಸೂ ಪಟ್ಟಾ! ಕಟ್ಟಿಕೊಂಡು ಕರೆಂಟ್ ಹಚ್ಚಿದ್ರ ಕಾಯ್ತೈತಿ, ನಡಗತೈತಿ. ಆವಾಗ ನಮ್ಮ ಕಡೆ ಕರೆಂಟ್ ಬಂದಾಗ ಬಂತು, ಹೋದಾಗ ಹೋತು. ಇವರು ಪಟ್ಟಾ ಕಟ್ಟಿಕೊಂಡು, ಸ್ವಿಚ್ ಒತ್ತಿಟ್ಟು, ಕರೆಂಟಿನ ಹಾದಿ ಕಾಯ್ಕೋತ ನಿದ್ದಿ ಹೋಗ್ಯಾರ, ಅಷ್ಟರಾಗ ಕರೆಂಟ್ ಬಂದೈತಿ.

"ಭಾಯಿ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಭಾಂಡೆ ಸಾವಕಾರ ಟೀವಿಯಾಗ ಕೊಂಡ ಅಂದ್ರ ನನ್ನ ಮಾನಾ ಹೋತು" ಅಂತ ಕೈ ಹಿಡಕೊಂಡ್ರು. ನಾ ಎಲ್ಲಿ ಬಾಯಿ ಬಿಡ್ಲಿ? ಬಿಟ್ರೂ ಯಾರು ನಂಬತಾರ? ಆ ರೈತನ ಆಡು ಮೂಡಣ ದಿಕ್ಕಿನ ಹೊಲದಾಗೇ ಸಿಕ್ಕುಬಿಟ್ಟಿತ್ತು!

ಆಮ್ಯಾಲ ಕೇಳಬ್ಯಾಡ್ರಿ ಅವರ ಗತಿ. ಆಡು ಕಳಕೊಂಡವರು, ಕುರಿ ಕಳಕೊಂಡವರು, ಗಂಡನ್ನ ಕಳಕೊಂಡವರು, ಎಲ್ಲಾರೂ ಕಾಯಿ-ಕರ್ಪೂರ ಹಿಡಕೊಂಡು ಬರಾಕ ಹತ್ತಿದ್ರು. ಸಾವಕಾರ್ರು ನನ್ನ ಮುಂದ ತಲಿ ತಲಿ ಬಡಕೊಂಡ್ರು: "ಕೊಡ ಬೇಕಾದ್ರ ಸಾಂಗಲಿಗೆ ಹೋಗ್ತಾರ, ಆಡು ಬೇಕಾದ್ರ ನನ್ನ ಅಂಗಡಿಗೆ ಬರ್ತಾರ!"

ಬರಿಗಾಲಿನ ನೌಕರ

ಸಾಂಗಲ್ಯಾಗ ಒಂದು ದೊಡ್ಡ ಅರಬಿ ಅಂಗಡಿ ಆಗೇತಿ, ನಾಕು ಮಾಳಗಿ, ಒಳಗ ಹೋದ್ರ ಬ್ಯಾಸಗ್ಯಾಗೂ ಥಂಡಿ ಹತ್ತತೈತಿ ಅಂತ ಗಿರಾಕಿ ನನ್ನ ಗಾದಿ ಮ್ಯಾಲ ಕುಂತೇ ನನಗ ಹೇಳಾಕ ಹತ್ತಿದ್ರು. ನನ್ನ ಚಾ ಕುಡದು ಅವರ ಥಂಡಿ ಹೊಗಳೂದು! ಒಮ್ಮಿ ನೋಡೇ ಬರೂಣು ಅಂತ ನಮ್ಮಾಕೀನ್ನ ಕರಕೊಂಡು ಎಸ್.ಟಿ. ಹತ್ತಿದ್ನಿ.

ಅರಬಿ ಅಂಗಡಿಗೆ ಚಪ್ಪಲಿ ಹಾಕ್ಕೊಂಡು ಹೋಗೂದು ನನ್ನ ರಕ್ತದಾಗ ಇಲ್ಲ. ಗಾಜಿನ ಬಾಗಲಾ ಕಂಡಕೂಡ್ಲೇ ಚಪ್ಪಲಿ ಕಳದು ಬರಿಗಾಲಲೆ ಒಳಗ ಹೋದ್ನಿ. ಒಳಗ ಗಾದಿ ಇಲ್ಲ, "ಬರ್ರಿ, ಕುಂದ್ರಿ" ಅನ್ನವರಿಲ್ಲ, ಯಾರ ಮನಿ ಯಾವ ಊರು ಅಂತ ಕೇಳವರಿಲ್ಲ. ಸೀರಿ ಎಲ್ಲಾ ಹರವಿ ಬಿಟ್ಟಾರ, ಮಂದಿ ತಾವೇ ಬಿಚ್ಚತಾರ, ಮುದ್ದಿ ಮಾಡಿ ಒಗದು ಮುಂದ ಹೋಗ್ತಾರ.

ಬಿಚ್ಚಿದ ಸೀರಿ ಹಂಗೇ ಬಿದ್ದದ್ದು ನೋಡಿ ನನಗ ಕೈ ತಡೀಲಿಲ್ರಿ. ವೈರಿ ಅಂಗಡಿ ಆದ್ರೇನು, ಸೀರಿ ಏನು ಪಾಪಾ ಮಾಡೇತಿ? ಒಂದು ಮಡಿಚಿದ್ನಿ. ಅದರ ಕೆಳಗಿಂದೂ ಮಡಿಚಿದ್ನಿ. ಅಷ್ಟರಾಗ ಒಬ್ಬರು ಅಕ್ಕಾರು ಬಂದು, "ಇದರಾಗ ಹಸರು ಅಂಚು ಐತೇನು?" ಅಂತ ಮರಾಠಿಯಾಗ ಕೇಳಿದ್ರು. ನನ್ನ ಬಾಯಿ ನನ್ನ ಮಾತು ಎಲ್ಲಿ ಕೇಳತೈತಿ? "ಐತಲ್ರಿ ತಾಯಿ, ನಿಮ್ಮ ಬಣ್ಣಕ್ಕ ಹಸರಕಿಂತ ಇದು ಒಪ್ಪತೈತಿ ನೋಡ್ರಿ" ಅಂತ ನಾನೂ ಮರಾಠಿಯಾಗೇ ಸುರು ಮಾಡಿದ್ನಿ. ಹೆಗಲ ಮ್ಯಾಲ ಸೆರಗು ಹಾಕ್ಕೊಂಡು ತೋರಿಸಿದ್ನಿ. ಅವರು ತಗೊಂಡ್ರು, ಅವರ ವಾರಿಗಿತ್ತಿ ತಗೊಂಡ್ಲು, ಹಿಂದ ನಿಂತವರೂ ನನ್ನ ಸುತ್ತ ಕೂಡಿದ್ರು.

ಟೈ ಕಟ್ಟಿದ ಮ್ಯಾನೇಜರ್ ಬಂದ. ಸಿಕ್ಕಿಬಿದ್ನಿ ಅನಕೊಂಡ್ನಿ. ಅಂವ ನನ್ನ ಬರಿಗಾಲ ನೋಡಿದ, ಮಾರಿ ನೋಡಿದ. "ಕಾಕಾ, ಹೊಸದಾಗಿ ಸೇರೀರೇನು? ಚಲೋ ಮಾರ್ತೀರಿ. ಆದ್ರ ನಾಳೆಯಿಂದ ಬೂಟು ಹಾಕ್ಕೊಂಡು ಬರ್ರಿ" ಅಂದ.

ನಾ ಬಾಗಲದ ಹಾದಿ ಹಿಡದ್ನಿ. ಹೊರಗ ಬಂದ ಮ್ಯಾಲ ನಮ್ಮಾಕಿ ಅಂದ್ಲು: "ಆ ನೌಕರಿ ಬಿಡಬ್ಯಾಡ್ರಿ. ಇವತ್ತ ಒಂದು ತಾಸಿನ್ಯಾಗ ಮಾರಿದಷ್ಟು ನಮ್ಮ ಅಂಗಡಿಯಾಗ ಈ ವರ್ಷ ಮಾರಿಲ್ಲ."

ಪಾರ್ಸಲ್ಲಿನ ಬಸ್ತಾ

ಇನ್ನ ಆ ಬಸ್ತಾದ ಮಾತಿಗೆ ಬರೂಣು. ನಮ್ಮಾಕಿ ಗಡುವು ಹಾಕಿದ ಲಗ್ನಸರಾಯಿ ಮುಗಿಯಾಕ ಬಂದಿತ್ತು. ಗಾದಿ ಹಂಗೇ ಬೆಳ್ಳಗ, ಮ್ಯಾಲ ಯಾರೂ ಕುಂದ್ರದ ಬಿದ್ದಿತ್ತು. ಅದನ್ನ ನೋಡಿದ್ರ ನನಗ ಅಳು ಬರತಿತ್ತು, ಖರೇನ ಹೇಳ್ತೀನಿ.

ಅಷ್ಟರಾಗ ಸೊರಡಿಯಿಂದ ನಮ್ಮ ಹಳೇ ಗಿರಾಕಿ ಒಬ್ಬ ಬಂದ. ಅವನ ಅಪ್ಪನ ಲಗ್ನದ ಬಸ್ತಾ ನಮ್ಮ ಅಬ್ಬಾ ಕಟ್ಟಿದ್ದ, ಅವನದು ನಾ ಕಟ್ಟಿದ್ನಿ. ಈಗ ಅವನ ಮಗಳ ಲಗ್ನ ಕೂಡಿತ್ತು. ಬಸ್ತಾ ಬಂತು ಅಂತ ನಾ ಗಾದಿ ಝಾಡಿಸಿದ್ನಿ. ಆದ್ರ ಅವನ ಬಗಲಾಗ ಎರಡು ರಟ್ಟಿನ ಡಬ್ಬಿ ಇದ್ವು.

"ಭಾಯಿ, ಹೆಂಗ ಹೇಳ್ಲಿ ತಿಳೀವಲ್ದು" ಅಂದ. "ಅಳಿಯಾ ಪುಣೇದಾಗ ಫ್ಯಾಕ್ಟರಿ ಕೆಲಸದಾಗ ಅದಾನ. ಅಂವ, ನನ್ನ ಮಗಳು ಫೋನಿನ್ಯಾಗ ಮಾತಾಡಿ ಹೆಣ್ಣಿನ ಸೀರಿ ಎಲ್ಲಾ ಕಂಪ್ಯೂಟರದಾಗ ತರಸಿಬಿಟ್ಟಾರ. ಜತ್ತಿಗೆ ಹೋಗಿ ಪಾರ್ಸಲ್ ಬಿಡಸಿಕೊಂಡು ಬಂದೇನಿ."

"ಹಂಗಾರ ನನ್ನ ಹಂತ್ಯಾಕ ಯಾಕ ಬಂದಿ ಅಣ್ಣಾ? ಡಬ್ಬಿಗೆ ದಾರಾ ಬೇಕೇನು?" ಅಂದ್ನಿ. ಸಿಟ್ಟು ಬಂದಿತ್ತು.

"ಗಂಡಿನ ಸ್ವಾದರತ್ತಿ ಒಬ್ಬಾಕಿ ಅದಾಳ. ಆ ಮನಿಯಾಗ ಆಕಿ ಮಾತು ಕಲ್ಲಿನ ಗೆರಿ. 'ಗಾದಿ ಮ್ಯಾಲ ಕುಂತು ಬಸ್ತಾ ಮಾಡದ ಲಗ್ನಕ್ಕ ನಾ ಅಕ್ಕಿಕಾಳು ಒಗಿಯಂಗಿಲ್ಲ' ಅಂದಾಳ. ಆಕೀಗೆ ಪಾರ್ಸಲಿಂದು ಗೊತ್ತಿಲ್ಲ. ಗೊತ್ತಾದ್ರ ಲಗ್ನ ಮುರೀತಾಳ. ನೀವು ಈ ಸೀರಿ ನಿಮ್ಮ ಫಳಿಯಾಗ ಇಡ್ರಿ. ನಾಳೆ ಅವರು ಬರ್ತಾರ. ನಿಮ್ಮ ಮಾಲ ಅಂತ ಇವನ್ನೇ ತೋರಸ್ರಿ, ಇವನ್ನೇ ಆರಸಂಗ ಮಾಡ್ರಿ."

"ನನ್ನ ಗಾದಿ ಏನು ನಾಟಕದ ಸ್ಟೇಜೇನು!" ಅಂತ ನಾ ಒದರಿದ್ನಿ. ಒಳಗಿಂದ ನಮ್ಮಾಕಿ ಪಡದಿ ಸರಿಸಿ, "ಆಗಲಿ ಅನ್ರಿ. ಹುಡುಗಿ ಲಗ್ನ ಐತಿ. ಸುಳ್ಳು ಬಸ್ತಾ ಆದ್ರೂ ಒಂದು ದಿನಾ ಗಾದಿ ಮ್ಯಾಲ ಮಂದಿ ಕುಂದರಲಿ" ಅಂದ್ಲು. ನಾ ಡಬ್ಬಿ ಬಿಚ್ಚಿ ಸೀರಿ ಫಳಿಗೆ ಏರಿಸಿದ್ನಿ.

ಮರುದಿನಾ ಎರಡು ಜೀಪ್ ಬಂದ್ವು. ಸ್ವಾದರತ್ತಿ ಮುಂದ. ಬಾಯಾಗ ಎಲಿಅಡಿಕಿ, ನಡಕ್ಕ ಸಂಚಿ, ಗಾದಿ ಮ್ಯಾಲ ಕುಂತ್ರ ಅರ್ಧಾ ಗಾದಿ ಆಕೀದೇ. ಚಾ ಆತು. ನಾ ಪಾರ್ಸಲ್ ಸೀರಿ ಒಂದು ಬಿಚ್ಚಿ ಹೊಗಳಾಕ ಸುರು ಮಾಡಿದ್ನಿ: "ಏನು ಪೋತ, ಏನು ನೇಯ್ಗಿ, ಏನು ಜರಿ!" ಅತ್ತಿ ಮೂಗು ಮುರದ್ಲು. "ಉಳ್ಳಾಗಡ್ಡಿ ಸಿಪ್ಪಿ ಆಗೇತಿ. ಬ್ಯಾರೆ ತಗೀರಿ." ಇನ್ನೊಂದು ಪಾರ್ಸಲ್ ಸೀರಿ ಬಿಚ್ಚಿದ್ನಿ. "ಬ್ಯಾಡ." ಮತ್ತೊಂದು. "ಬ್ಯಾಡ." ಆಕಿ ಕಣ್ಣು ನನ್ನ ಸ್ವಂತ ಮಾಲಿನ ಫಳಿ ಮ್ಯಾಲ. ಹೆಣ್ಣಿನ ಅಪ್ಪ ನನಗ ಕಣ್ಣಿಲೇ ಕೈ ಮುಗ್ಯಾಕ ಹತ್ತಿದ್ದ. ಅಡಕತ್ತಿನ್ಯಾಗಿನ ಅಡಿಕಿ ಆದ್ನಿ ನಾ. ಹೊಟ್ಟಿ, ನಿನ್ನ ಮಾಲ ತೋರಸು ಅಂತೈತಿ, ಕೊಟ್ಟ ಮಾತು, ಬ್ಯಾಡ ಅಂತೈತಿ.

ಆವಾಗ ನೆನಪಾತು. ನಮ್ಮ ಕಡೆ ಅಂಗಡಿಯಾಂವ ಹೊಗಳಿದ ಮಾಲ ಯಾರೂ ಮುಟ್ಟಂಗಿಲ್ಲ. ಅಂವ ಮುಚ್ಚಿಟ್ಟದ್ದೇ ಬೇಕು. ಪಾರ್ಸಲ್ ಸೀರಿ ಎಲ್ಲಾ ಬಾಚಿ ತೊಡಿ ಕೆಳಗ ತುರುಕಿ, "ಬಿಡ್ರಿ ಯಕ್ಕಾ, ಇವು ನಿಮಗಲ್ಲ. ಬ್ಯಾರೆ ಬೀಗರಿಗೆ ಅಂತ ತಗದಿಟ್ಟದ್ದು, ತಪ್ಪಿ ಬಿಚ್ಚಿದ್ನಿ" ಅಂದ್ನಿ.

"ಯಾಕ? ನಮಗ ಯಾಕ ಅಲ್ಲ?" ಅತ್ತಿ ನನ್ನ ತೊಡಿ ಕೆಳಗಿಂದ ಸೀರಿ ಜಗ್ಗಿದ್ಲು. "ನಾವೇನು ಅವರಕಿಂತ ಕಡಿಮಿ ಮಂದಿಯೇನು?" ಐದು ಮಿನಿಟಿನ್ಯಾಗ ಪಾರ್ಸಲ್ ಪೂರಾ ಆಕಿ ಮಡಲಾಗ ಬಿತ್ತು. ಹೆಣ್ಣಿನ ಅಪ್ಪ ಹಣಿ ಬೆವರು ಒರಸಿಕೊಂಡ.

ಅಷ್ಟರಾಗ ಆಕಿ ಒಂದು ಸೀರಿ ಎತ್ತಿ ಬೆಳಕಿಗೆ ಹಿಡದ್ಲು. "ತಡೀರಿ. ಈ ಸೀರಿ ನಾ ನೋಡೇನಿ."

ಹೆಣ್ಣಿನ ಅಪ್ಪ ತನ್ನ ಚಪ್ಪಲಿ ಹುಡಕಾಕ ಹತ್ತಿದ.

"ಪುಣೇಕ್ಕ ಹೋದಾಗ ಹುಡುಗ ಕಂಪ್ಯೂಟರದಾಗ ತೋರಿಸ್ಯಾನ. ಇದೇ ಅಂಚು, ಇದೇ ಸೆರಗು. ಅದರಾಗಿನ ರೇಟೂ ನನಗ ನೆನಪೈತಿ." ಕಣ್ಣು ಸಣ್ಣ ಮಾಡಿ ನನ್ನ ನೋಡಿದ್ಲು. "ಸಾವಕಾರ್ರ, ನಿಮ್ಮ ರೇಟು ಎಷ್ಟು?"

ನನಗ ಆ ಸೀರಿ ಬೆಲಿ ಏನು ಗೊತ್ತು? ಕಂಪ್ಯೂಟರಕಿಂತ ಹೆಚ್ಚು ಹೇಳಿದ್ರ ಎದ್ದು ಹೋಗ್ತಾಳ, ಲಗ್ನ ಮುರೀತೈತಿ. ಯಾರದೋ ರೊಕ್ಕಾ ಎಲ್ಲಮ್ಮನ ಜಾತ್ರಿ, ನನ್ನ ಗಂಟೇನು ಹೋಗೂದು? "ಅದರ ಅರ್ಧಾ ಕೊಡ್ರಿ" ಅಂದುಬಿಟ್ನಿ.

ಆಕಿ ಅದರಾಗೂ ಚೌಕಾಶಿ ಮಾಡಿದ್ಲು! ಎರಡು ಸಲಾ ಎದ್ದು ನಿಂತ್ಲು, ಒಂದು ಸಲಾ ಹೆಣ್ಣಿನ ಅವ್ವನ ಕೂಡ ಅಂಚಿನ ಸಂಬಂಧ ಜಗಳಾ ತಗದ್ಲು, ಮಾತು ಬಿಟ್ಲು, ಚಾ ಕುಡದು ಮತ್ತ ಮಾತಾಡಿದ್ಲು. ಬಸ್ತಾ ಅಂದ್ರ ಹಿಂಗ ಇರಬೇಕು ನೋಡ್ರಿ. ನನ್ನ ಕಣ್ಣಾಗ ನೀರು ಬಂತು. ಕಡೀಕ ಸಂಚಿ ಬಿಚ್ಚಿ ನನ್ನ ಕೈ ಮ್ಯಾಲ ರೊಕ್ಕಾ ಇಟ್ಲು. ಅಳಿಯಾಗ ಮುಟ್ಟಸು ಅಂತ ನಾ ಅದನ್ನ ಹೆಣ್ಣಿನ ಅಪ್ಪನ ಕೈಗೆ ಜಾರಿಸಿದ್ನಿ. ನಾಟಕ ಮುಗೀತು ಅನಕೊಂಡ್ನಿ.

ಅತ್ತಿ ಏಳಲಿಲ್ಲ. "ಹೂಂ, ಈಗ ಆಹೇರಿ ತಗೀರಿ" ಅಂದ್ಲು.

ಆಹೇರಿ! ಬೀಗರಿಗೆ, ಅಣ್ಣತಮ್ಮರಿಗೆ, ಊರ ಹಿರ್ಯಾರಿಗೆ ಲಗ್ನದಾಗ ಕೊಡೂ ಅರಬಿ. ಟಾವೆಲ್, ಟೋಪಿ, ಧೋತರ, ಜಂಪರ್ ಪೀಸ್, ಮುದುಕೇರಿಗೆ ಸೀರಿ. ಕಂಪ್ಯೂಟರದ ಮುಂದ ಕುಂತ ಹುಡುಗ-ಹುಡುಗಿಗೆ ತಮ್ಮ ತಮ್ಮದೇ ನೆನಪಾಗಿತ್ತು, ಊರ ಮಂದಿದು ಎಲ್ಲಿ ನೆನಪಾಗಬೇಕು? ನಾ ಫಳಿ ಹತ್ತಿದ್ನಿ. ಎರಡೂ ಕಡೀದು ಕೂಡಿ ಅಂಗಡಿ ಅರ್ಧಾ ಖಾಲಿ ಆತು. ನಮ್ಮಾಕಿ ಪಡದಿ ಹಿಂದಿಂದ ನೋಡಿ, "ಆ ಮೊಬೈಲಿನಾಂವಗ ಬ್ಯಾರೆ ಜಾಗಾ ನೋಡ್ಕೋ ಅಂತ ಹೇಳಿಬಿಡ್ರಿ" ಅಂದ್ಲು. ಇದು ಸುಳ್ಳು ಬಸ್ತಾ ಅಲ್ಲ, ಖರೇ ಬಸ್ತಾ!

ಹೊರಗ ಜತ್ತಿನ ಎಸ್.ಟಿ. ನಿಂತಿತ್ತು. ಹೆಣ್ಣಮಕ್ಕಳು ಹತ್ತಾಕ ಹತ್ತಿದ್ರು. ಅತ್ತಿ ಜೀಪಿನ ಮ್ಯಾಲ ಒಂದು ಕಾಲಿಟ್ಟು, ಆ ಸೀರಿ ಗಂಟು ಎತ್ತಿ ಹಿಡದು, ಇಡೀ ಉಟಗಿಗೆ ಕೇಳಂಗ ಒದರಿದ್ಲು:

"ಕೇಳ್ರೇ ಯವ್ವಾ! ಪುಣೇದ ಕಂಪ್ಯೂಟರದಾಂವ ಮಾಲ ಎಲ್ಲಿಂದ ತರತಾನ ಅಂತ ಇವತ್ತ ತಿಳೀತು. ಇಲ್ಲಿ ಈ ಸಾವಕಾರ್ರ ಕಡೆ ಅರ್ಧಾ ರೇಟಿಗೆ ಒಯ್ದು, ಅಲ್ಲಿ ದುಪ್ಪಟ್ಟು ಮಾರ್ತಾನ ಭಾಡ್ಯಾ!"

ಬಸ್ಸಿನ್ಯಾಗ ಕುಂತವರೂ ಇಳದ್ರು. ಕಂಡಕ್ಟರ್ ಬೆಲ್ ಹೊಡದು ಹೊಡದು ದಣದ, ಒಬ್ಬರೂ ಹತ್ತಲಿಲ್ಲ. ಕಡೀಕ ಅವನೂ ಇಳದು ನನ್ನ ಅಂಗಡಿಗೇ ಬಂದ. ಬೈಯಾಕ ಬಂದ ಅನಕೊಂಡ್ನಿ. ಅಂವ ಟೋಪಿ ತಗದು, ಕಿವಿ ಹಂತ್ಯಾಕ ಬಾಗಿ ಹೇಳಿದ:

"ಸಾವಕಾರ್ರ, ನನ್ನ ತಂಗೀದೂ ಲಗ್ನ ಕೂಡೇತ್ರಿ. ಆ ಕಂಪ್ಯೂಟರದಾಂವಗ ಕೊಡೂ ಹೋಲ್‌ಸೇಲ್ ರೇಟಿಗೇ ನನಗೂ ಕೊಡ್ರಿ."